ಹಳೆಯ ದೋಣಿ, ಸವೆದ ಡ್ರೈವ್

ಎಂಜಿನ್ ದೋಣಿಯ ಒಳಗೆ, ಗೇರು ಮತ್ತು ಪ್ರೊಪೆಲ್ಲರ್ ದೋಣಿಯ ಹಿಂಗೋಡೆಯ ಹೊರಗೆ. ಇಂಥ ಏರ್ಪಾಡಿನಲ್ಲಿ ಹೊರಗೆ ತೂಗುವ ಭಾಗವನ್ನು ಸ್ಟರ್ನ್‌ಡ್ರೈವ್ ಎನ್ನುತ್ತಾರೆ. ಮಲ್ಪೆ, ಮಂಗಳೂರು, ಕಾರವಾರದ ಬಂದರುಗಳಲ್ಲಿ ಹೆಚ್ಚಾಗಿ ಕಾಣುವುದು ಬೇರೆ ಎರಡು ಬಗೆ. ನಾಡದೋಣಿಗಳ ಹಿಂಬದಿಗೆ ಎಂಜಿನ್ ಸಮೇತ ಎಲ್ಲವೂ ಹೊರಗೇ ತೂಗುವ ಔಟ್‌ಬೋರ್ಡ್ ಒಂದು. ಟ್ರಾಲ್ ಬೋಟಿನ ಹೊಟ್ಟೆಯಲ್ಲಿ ಕೂತು, ತಳದ ಮೂಲಕ ನೇರ ಶಾಫ್ಟನ್ನು ಹೊರಚಾಚುವ ಡೀಸೆಲ್ ಇನ್‌ಬೋರ್ಡ್ ಇನ್ನೊಂದು. ಸ್ಟರ್ನ್‌ಡ್ರೈವ್ ಇವೆರಡರ ನಡುವೆ ನಿಲ್ಲುತ್ತದೆ. ಒಳಗೆ ಕಾರು, ಲಾರಿಗಳ ವಂಶದ ಬಲವಾದ ಎಂಜಿನ್ನು. ಹೊರಗೆ ಔಟ್‌ಬೋರ್ಡಿನಂತೆಯೇ ಎಡಬಲಕ್ಕೆ ತಿರುಗುವ, ಮೇಲೆ ಕೆಳಗೆ ವಾಲುವ ಕಾಲು. ಅಮೆರಿಕದ ಸರೋವರಗಳಲ್ಲೂ ಯುರೋಪಿನ ಕರಾವಳಿಯಲ್ಲೂ ಮೂರು, ನಾಲ್ಕು ದಶಕ ಹಳೆಯದಾದ ಇಂಥ ದೋಣಿಗಳು ಇನ್ನೂ ಅಸಂಖ್ಯ ಓಡಾಡುತ್ತಿವೆ. ಅವುಗಳ ಒಡೆಯರಿಗೆ ಒಂದಲ್ಲ ಒಂದು ವರ್ಷ ಎದುರಾಗುವ ಪ್ರಶ್ನೆಯೇ ಇದು: ಸವೆದ ಡ್ರೈವನ್ನು ರಿಪೇರಿ ಮಾಡಿಸಬೇಕೋ, ಬದಲಾಯಿಸಬೇಕೋ?

ಮಾರುಕಟ್ಟೆಯಲ್ಲಿ ನೆಲೆನಿಂತ ಮೊದಲ ಸ್ಟರ್ನ್‌ಡ್ರೈವ್ ಸ್ವೀಡನ್ನಿನ ವೋಲ್ವೊ ಪೆಂಟಾ 1959ರಲ್ಲಿ ಹೊರತಂದ ಅಕ್ವಾಮ್ಯಾಟಿಕ್. ಅದರ ಹಿಂದಿದ್ದ ಅಮೆರಿಕದ ಎಂಜಿನಿಯರ್ ಜಿಮ್ ವಿನ್, ಅದಕ್ಕೆ ಹಿಂದಿನ ವರ್ಷವಷ್ಟೇ ಔಟ್‌ಬೋರ್ಡ್ ಎಂಜಿನ್ನಿನ ಪುಟ್ಟ ದೋಣಿಯಲ್ಲಿ ಅಟ್ಲಾಂಟಿಕ್ ದಾಟಿ ಹೆಸರಾಗಿದ್ದವರು. ಎರಡು ವರ್ಷದ ಬಳಿಕ, 1961ರಲ್ಲಿ, ಅಮೆರಿಕದ ಮರ್ಕ್ಯುರಿ ಕಂಪನಿ ಮರ್‌ಕ್ರೂಸರ್ ಹೆಸರಿನಲ್ಲಿ ತನ್ನದನ್ನು ತಂದಿತು. ಮೂರನೆಯ ದೊಡ್ಡ ಹೆಸರು ಓಎಂಸಿ, ಅಂದರೆ ಔಟ್‌ಬೋರ್ಡ್ ಮರೀನ್ ಕಾರ್ಪೊರೇಷನ್. ಈಗ ರಿಪೇರಿಗೆ ಬರುವ ಹಳೆಯ ಡ್ರೈವ್‌ಗಳು ಬಹುತೇಕ ಈ ಮೂರು ಮನೆತನಗಳವೇ. ಯಾವ ಮನೆತನ, ಯಾವ ಪೀಳಿಗೆ ಎಂಬುದರ ಮೇಲೆ ರಿಪೇರಿಯ ಹಣೆಬರಹ ಅರ್ಧ ನಿರ್ಧಾರವಾಗಿರುತ್ತದೆ.

ಡ್ರೈವಿನ ಒಳಗೆ ಶಕ್ತಿ ಸಾಗುವ ಹಾದಿ ಇಂಗ್ಲಿಷ್ ಜೆಡ್ ಅಕ್ಷರದ ಆಕಾರದ್ದು. ಎಂಜಿನ್ನಿನಿಂದ ಅಡ್ಡಲಾಗಿ ಹೊರಬರುವ ಶಾಫ್ಟ್ ಹಿಂಗೋಡೆಯನ್ನು ದಾಟಿ ಮೇಲಿನ ಗೇರ್‌ಪೆಟ್ಟಿಗೆ ಸೇರುತ್ತದೆ. ಅಲ್ಲಿ ಒಂದು ಜೊತೆ ಗೇರುಗಳು ತಿರುಗುವಿಕೆಯನ್ನು ಕೆಳಮುಖ ಮಾಡುತ್ತವೆ, ಕೆಳಗಿನ ಪೆಟ್ಟಿಗೆಯಲ್ಲಿ ಇನ್ನೊಂದು ಜೊತೆ ಅದನ್ನು ಮತ್ತೆ ಅಡ್ಡಲಾಗಿಸಿ ಪ್ರೊಪೆಲ್ಲರ್‌ಗೆ ಕೊಡುತ್ತವೆ. ಡ್ರೈವ್ ತಿರುಗಿದರೂ ವಾಲಿದರೂ ಶಾಫ್ಟ್ ಸುತ್ತುತ್ತಲೇ ಇರಬೇಕಾದ್ದರಿಂದ, ಲಾರಿಯ ಪ್ರೊಪೆಲ್ಲರ್ ಶಾಫ್ಟಿನಲ್ಲಿರುವಂಥ ಯುನಿವರ್ಸಲ್ ಜಾಯಿಂಟುಗಳು ಹಿಂಗೋಡೆಯ ಬಳಿ ಇರುತ್ತವೆ. ಲಾರಿಯ ಜಾಯಿಂಟಿಗೆ ಧೂಳು, ಕೆಸರು ಮಾತ್ರ ಶತ್ರು. ಇಲ್ಲಿ ಅದು ನೀರಿನ ಮಟ್ಟಕ್ಕಿಂತ ಕೆಳಗೆ ಕೆಲಸ ಮಾಡುತ್ತದೆ. ಅದನ್ನು ಒಣಗಿಸಿಡುವುದು ಹಾರ್ಮೋನಿಯಂ ತಿದಿಯಂತೆ ಮಡಿಕೆ ಮಡಿಕೆಯಾದ ಒಂದು ರಬ್ಬರ್ ಕೊಳವೆ. ಬೋಟ್ ಮೆಕ್ಯಾನಿಕ್‌ಗಳು ಅದನ್ನು ಬೆಲ್ಲೋಸ್ ಎನ್ನುತ್ತಾರೆ. ಇಡೀ ಯಂತ್ರದಲ್ಲಿ ಅಗ್ಗದ ಭಾಗಗಳಲ್ಲಿ ಒಂದು, ಆದರೆ ದೋಣಿಯನ್ನು ಮುಳುಗಿಸಬಲ್ಲ ಭಾಗವೂ ಅದೇ.

ಹಳೆಯ ಡ್ರೈವಿನ ಆರೋಗ್ಯ ನೋಡುವ ಕೆಲಸ ಎಣ್ಣೆಯಿಂದ ಶುರುವಾಗುತ್ತದೆ. ದೋಣಿಯನ್ನು ನೀರಿನಿಂದ ತೆಗೆದು, ಡ್ರೈವನ್ನು ಪೂರ್ತಿ ಇಳಿಸಿ, ಒಂದು ರಾತ್ರಿ ಹಾಗೆಯೇ ಬಿಟ್ಟರೆ ಒಳ್ಳೆಯದು. ಎಣ್ಣೆಗಿಂತ ನೀರು ಭಾರ, ಹಾಗಾಗಿ ಒಳಗೆ ನೀರಿದ್ದರೆ ಅದು ತಳ ಸೇರಿರುತ್ತದೆ. ಬೆಳಿಗ್ಗೆ ತಳದ ಡ್ರೇನ್ ಸ್ಕ್ರೂ ಸಡಿಲಿಸಿದಾಗ ಮೊದಲು ಬೀಳುವ ನಾಲ್ಕಾರು ಹನಿಗಳನ್ನು ಬಿಳಿಯ ಬಟ್ಟಲಿನಲ್ಲಿ ಹಿಡಿದು ನೋಡಬೇಕು. ಸ್ವಚ್ಛ ನೀರಿನ ಹನಿ ಬಂದರೆ ಸೋರಿಕೆ ಖಚಿತ. ಎಣ್ಣೆ ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಬಹಳ ದಿನದಿಂದ ಎಣ್ಣೆಯೊಡನೆ ಕಡೆದುಕೊಂಡಿದೆ ಎಂದರ್ಥ. ಹಲವು ಡ್ರೈವ್‌ಗಳ ಡ್ರೇನ್ ಸ್ಕ್ರೂ ತುದಿಯಲ್ಲಿ ಆಯಸ್ಕಾಂತ ಇರುತ್ತದೆ. ಅದಕ್ಕೆ ಅಂಟಿದ ಕಪ್ಪು ಮಸಿಯಂಥ ನುಣುಪು ಲೇಪ ವಯಸ್ಸಿನ ಸಹಜ ಗುರುತು. ಬೆರಳ ನಡುವೆ ಉಜ್ಜಿದಾಗ ಚುಚ್ಚುವ ಚೂರುಗಳು ಸಿಕ್ಕರೆ ಗೇರಿನ ಹಲ್ಲೋ ಬೇರಿಂಗೋ ಪುಡಿಯಾಗುತ್ತಿದೆ. ಸುಟ್ಟ ವಾಸನೆಯ ಕರಿ ಎಣ್ಣೆ, ಡ್ರೈವ್ ಎಣ್ಣೆಯಿಲ್ಲದೆ ಕಾದು ಓಡಿದ್ದನ್ನು ಹೇಳುತ್ತದೆ.

ನೀರು ಒಳಗೆ ಬಂದದ್ದು ಎಲ್ಲಿಂದ ಎಂಬುದನ್ನು ಊಹೆಗೆ ಬಿಡಬಾರದು. ಖಾಲಿ ಡ್ರೈವಿಗೆ ಕೈಪಂಪಿನಿಂದ ಗಾಳಿ ತುಂಬಿ, ಚದರ ಇಂಚಿಗೆ ಸುಮಾರು 10 ಪೌಂಡ್ ಒತ್ತಡದಲ್ಲಿ ನಿಲ್ಲಿಸಿ, ಸೀಲ್‌ಗಳ ಮೇಲೆ ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುವ ಜಾಗ ತಾನೇ ಗೊತ್ತಾಗುತ್ತದೆ. ಆಮೇಲೆ ಗಾಳಿಯನ್ನು ಹೊರಕ್ಕೆಳೆದು, ನಿರ್ವಾತದಲ್ಲೂ ನೋಡಬೇಕು. ಒತ್ತಡಕ್ಕೆ ಬಿಗಿಯಾಗಿ ನಿಲ್ಲುವ ಕೆಲವು ಸೀಲ್‌ಗಳು ನಿರ್ವಾತದಲ್ಲಿ ಸೋಲುತ್ತವೆ. ಹೆಚ್ಚಿನ ಸಲ ಸಿಕ್ಕಿಬೀಳುವುದು ಪ್ರೊಪೆಲ್ಲರ್ ಶಾಫ್ಟಿನ ಸೀಲ್. ಯಾರೋ ನೀರಿನಲ್ಲಿ ಬಿಟ್ಟುಹೋದ ಗಾಳದ ನೈಲಾನ್ ದಾರ ಪ್ರೊಪೆಲ್ಲರ್‌ಗೆ ಸುತ್ತಿಕೊಂಡು, ಹಿಂದೆ ಸರಿದು, ಸೀಲಿನ ತುಟಿಯನ್ನು ಗರಗಸದಂತೆ ಕೊಯ್ದುಹಾಕಿರುತ್ತದೆ. ಗೇರುಗಳು ಇನ್ನೂ ಚೆನ್ನಾಗಿರುವಾಗಲೇ ಇದು ಸಿಕ್ಕರೆ ಸೀಲ್ ಬದಲಾವಣೆ ಚಿಕ್ಕ ಕೆಲಸ. ಸಿಗದೆ ಹೋಗಿ, ಮೇಲಿಂದ ಚಳಿಗಾಲ ಬಂದು, ಒಳಗಿನ ನೀರು ಹೆಪ್ಪುಗಟ್ಟಿತೆಂದರೆ ಗೇರ್‌ಪೆಟ್ಟಿಗೆಯೇ ಸೀಳುತ್ತದೆ. ಉತ್ತರ ಅಮೆರಿಕದ ಸರೋವರ ಸೀಮೆಯಲ್ಲಿ ಎಷ್ಟೋ ಡ್ರೈವ್‌ಗಳು ಸತ್ತದ್ದು ಓಡುವಾಗಲ್ಲ, ಶೆಡ್ಡಿನಲ್ಲಿ ಸುಮ್ಮನೆ ನಿಂತಿದ್ದಾಗ.

ಎಣ್ಣೆಯ ನಂತರ ಕಿವಿ. ಎಂಜಿನ್ ನಿಧಾನಗತಿಯಲ್ಲಿದ್ದಾಗ ಸ್ಟೀರಿಂಗನ್ನು ಒಂದು ಕಡೆಯ ಕೊನೆಯವರೆಗೂ ತಿರುಗಿಸಿದಾಗ ಹಿಂಬದಿಯಿಂದ ಬೀಸುವ ಕಲ್ಲಿನಂಥ ಗುರುಗುರು ಸದ್ದು ಬಂದರೆ ಮೊದಲ ಶಂಕೆ ಗಿಂಬಲ್ ಬೇರಿಂಗಿನ ಮೇಲೆ. ಶಾಫ್ಟ್ ಹಿಂಗೋಡೆಯನ್ನು ದಾಟುವಲ್ಲಿ ಅದನ್ನು ಹೊತ್ತಿರುವ ಬೇರಿಂಗ್ ಅದು. ಸದ್ದು ಗುರುಗುಡುವುದರ ಬದಲು ಟಕಟಕ ಎಂದರೆ ಯುನಿವರ್ಸಲ್ ಜಾಯಿಂಟಿನ ಕ್ರಾಸ್ ಸವೆದಿರಬಹುದು. ಎರಡಕ್ಕೂ ಮೂಲ ಕಾರಣ ಬಹುತೇಕ ಒಂದೇ. ಬೆಲ್ಲೋಸ್ ಒಡೆದು ನೀರು ನುಗ್ಗಿ ಗ್ರೀಸ್ ತೊಳೆದುಹೋಗಿರುತ್ತದೆ.

ಇದನ್ನು ಖಚಿತಪಡಿಸಲು ಡ್ರೈವನ್ನು ಕಳಚಬೇಕು. ಮರ್‌ಕ್ರೂಸರ್ ಆಲ್ಫಾ ಮಾದರಿಯಲ್ಲಿ ಅದನ್ನು ಹಿಡಿದಿರುವುದು ಆರು ನಟ್ಟುಗಳು, ಜೊತೆಗೆ ಟ್ರಿಮ್ ಸಿಲಿಂಡರುಗಳ ಪಿನ್ನುಗಳು. ಬಿಚ್ಚುವ ಮೊದಲು ಗೇರನ್ನು ಮುಂದಕ್ಕೆ ಹಾಕಿರಬೇಕು, ಇಲ್ಲದಿದ್ದರೆ ಶಿಫ್ಟ್ ಕೊಂಡಿ ಬಿಡುವುದಿಲ್ಲ. ಇಬ್ಬರು ಹಿಡಿಯದೆ, ಅಥವಾ ಚಕ್ರವಿರುವ ಸ್ಟ್ಯಾಂಡ್ ಇಲ್ಲದೆ ಎಳೆಯುವ ಭಾರವಲ್ಲ ಅದು. ಡ್ರೈವ್ ಹಿಂದಕ್ಕೆ ಜಾರಿ ಬಂದಾಗ ಬೆಲ್ಲೋಸ್‌ನ ಬಾಯಿಯಿಂದ ಒಂದು ಬೊಗಸೆ ಕಂದು ನೀರು ಸುರಿದರೆ ಬೇರೆ ಪುರಾವೆ ಬೇಡ. ತುಕ್ಕಿನ ಗೆರೆ ಹೊತ್ತ ಕ್ರಾಸ್, ಒಣಗಿದ ಗ್ರೀಸಿನ ಹಕ್ಕಳೆ, ಬೆರಳು ಹಾಕಿ ತಿರುಗಿಸಿದರೆ ಮರಳು ಸಿಕ್ಕಂತೆ ತಡೆಯುವ ಬೇರಿಂಗ್ ಎಲ್ಲವೂ ಒಟ್ಟಿಗೇ ಕಾಣುತ್ತವೆ. ರಬ್ಬರಿನ ಮಡಿಕೆಗಳನ್ನು ಕೈಯಿಂದ ಬಿಡಿಸಿ ಬೆಳಕಿಗೆ ಹಿಡಿದರೆ ಸೀಳು ಸಿಗುವುದು ಮಡಿಕೆಯ ಒಳಕಣಿವೆಯಲ್ಲಿ, ಹೊರಗಿನಿಂದ ನೋಡಿದವರ ಕಣ್ಣಿಗೆ ಬೀಳದ ಜಾಗದಲ್ಲಿ. ಡ್ರೈವನ್ನು ತಿಂಗಳುಗಟ್ಟಲೆ ಮೇಲೆತ್ತಿ ನಿಲ್ಲಿಸಿದ ದೋಣಿಗಳಲ್ಲಿ ಈ ಸೀಳು ಬೇಗ ಬರುತ್ತದೆ, ಏಕೆಂದರೆ ಮಡಿಕೆಗಳು ಹಿಂಡಿದ ಸ್ಥಿತಿಯಲ್ಲೇ ಗಟ್ಟಿಯಾಗುತ್ತವೆ. ನಿಲ್ಲಿಸಿಡುವಾಗ ಡ್ರೈವ್ ಕೆಳಗಿರಬೇಕು ಎನ್ನುವುದು ಅದಕ್ಕೇ. ಇನ್ನೆರಡು ಬೆಲ್ಲೋಸ್ ಪಕ್ಕದಲ್ಲೇ ಇರುತ್ತವೆ. ಹೊಗೆ ಹೊರಹೋಗುವ ಕೊಳವೆಯದು ಹರಿದರೆ ಸದ್ದು ಹೆಚ್ಚಾದೀತು, ದೋಣಿ ಮುಳುಗಲಾರದು. ಶಿಫ್ಟ್ ಕೇಬಲ್ಲಿನ ಪುಟ್ಟ ಬೆಲ್ಲೋಸ್ ಹಾಗಲ್ಲ, ಅದು ಹರಿದರೆ ನೀರು ನೇರ ದೋಣಿಯೊಳಗೇ ಇಳಿಯುತ್ತದೆ. ಒಂದಕ್ಕೆ ಕೈ ಹಾಕಿದವರು ಮೂರನ್ನೂ ಬದಲಿಸುವುದು ಅಂಗಡಿಯ ಲಾಭಕ್ಕಾಗಿ ಹುಟ್ಟಿದ ಪದ್ಧತಿಯಲ್ಲ. ಡ್ರೈವ್ ಕಳಚುವ ಶ್ರಮವೇ ಭಾಗಗಳ ಬೆಲೆಗಿಂತ ದೊಡ್ಡದು.

ಹೊಸ ಗಿಂಬಲ್ ಬೇರಿಂಗ್ ಕೂರಿಸಿದ ಮೇಲೆ ಬರುವ ಒಂದು ಹಂತವನ್ನು ಅವಸರದ ಕೆಲಸಗಾರರು ಹಾರಿಸಿಬಿಡುತ್ತಾರೆ. ಅದು ಅಲೈನ್‌ಮೆಂಟ್, ಎಂಜಿನ್ನನ್ನು ಡ್ರೈವಿನ ರೇಖೆಗೆ ತರುವುದು. ಇದಕ್ಕೆಂದೇ ಉದ್ದನೆಯ ಉಕ್ಕಿನ ಸರಳೊಂದಿದೆ. ಅದನ್ನು ಹೊರಗಿನಿಂದ ಬೇರಿಂಗಿನ ಮೂಲಕ ತೂರಿಸಿದರೆ ತುದಿ ಎಂಜಿನ್ನಿನ ಕಪ್ಲರ್ ಸೇರಬೇಕು. ತುದಿಗೆ ತೆಳ್ಳಗೆ ಗ್ರೀಸ್ ಬಳಿದು, ತೂರಿಸಿ, ತಿರುಗಿಸದೆ ಹೊರತೆಗೆದು ನೋಡುತ್ತಾರೆ. ಕಪ್ಲರ್‌ನ ಹಲ್ಲುಗಳ ಗುರುತು ಗ್ರೀಸಿನ ಮೇಲೆ ಸುತ್ತಲೂ ಸಮನಾಗಿ ಮೂಡಿದ್ದರೆ ರೇಖೆ ಸರಿಯಿದೆ. ಮೇಲ್ಗಡೆ ಮಾತ್ರ ಆಳವಾಗಿ, ಕೆಳಗೆ ಗ್ರೀಸ್ ಹಾಗೇ ಉಳಿದಿದ್ದರೆ ಎಂಜಿನ್ ತಗ್ಗಿ ಕೂತಿದೆ. ಮುಂಭಾಗದ ಮೌಂಟಿನ ನಟ್ಟನ್ನು ತಿರುಗಿಸಿ ಎತ್ತರ ಹೊಂದಿಸಬೇಕು. ಎರಡು ಬೆರಳಿನ ಬಲಕ್ಕೆ ಸರಳು ಒಳಗೆ ಹೊರಗೆ ಜಾರುವವರೆಗೂ ಇದೇ ಕೆಲಸ. ಹಳೆಯ ದೋಣಿಯಲ್ಲಿ ಮೌಂಟಿನ ರಬ್ಬರ್ ಕುಸಿದಿರುತ್ತದೆ, ಅದನ್ನು ಹೊತ್ತ ಮರದ ತೊಲೆಗಳು ನೀರು ಕುಡಿದು ಮೆದುವಾಗಿರುತ್ತವೆ, ಹಾಗಾಗಿ ರೇಖೆ ತಪ್ಪುವುದು ಸಾಮಾನ್ಯ. ಇದನ್ನು ಸರಿಪಡಿಸದೆ ಹೊಸ ಡ್ರೈವನ್ನೇ ತಂದು ಹಾಕಿದರೂ ಕಪ್ಲರ್‌ನ ಹಲ್ಲು ತಿಂದುಹೋಗುತ್ತದೆ, ಹೊಸ ಬೇರಿಂಗ್ ಮತ್ತೆ ಗುರುಗುಡುತ್ತದೆ. ಹಳೆಯ ಡ್ರೈವ್ ಕೆಟ್ಟದ್ದೇಕೆ ಎಂಬ ಉತ್ತರ ಅನೇಕ ಸಲ ಡ್ರೈವಿನ ಒಳಗೆ ಇರುವುದೇ ಇಲ್ಲ.

ಎರಡನೆಯ ಮೌನ ಶತ್ರು ವಿದ್ಯುತ್ ರಸಾಯನ. ಡ್ರೈವಿನ ಮೈ ಅಲ್ಯೂಮಿನಿಯಂ, ಶಾಫ್ಟ್ ಉಕ್ಕು, ಪ್ರೊಪೆಲ್ಲರ್ ಹಲವು ಸಲ ಸ್ಟೇನ್‌ಲೆಸ್. ಇವು ಮೂರೂ ಒಂದೇ ನೀರಿನಲ್ಲಿ ಮುಳುಗಿದರೆ ಬ್ಯಾಟರಿಯೊಂದು ಹುಟ್ಟಿದಂತೆಯೇ, ಮತ್ತು ಆ ಬ್ಯಾಟರಿಯಲ್ಲಿ ಕರಗುವುದು ಅಲ್ಯೂಮಿನಿಯಂ. ಅದನ್ನು ಉಳಿಸಲು ಡ್ರೈವಿನ ಮೇಲೆ ಅದಕ್ಕಿಂತ ಬೇಗ ಕರಗುವ ಲೋಹದ ಗಟ್ಟಿಗಳನ್ನು, ಅಂದರೆ ಆನೋಡ್‌ಗಳನ್ನು, ಕೂರಿಸುತ್ತಾರೆ. ಉಪ್ಪುನೀರಿಗೆ ಸತು ಇಲ್ಲವೆ ಆನೋಡಿಗೆಂದೇ ಎರಕ ಹೊಯ್ದ ಅಲ್ಯೂಮಿನಿಯಂ ಮಿಶ್ರಲೋಹ, ಸಿಹಿನೀರಿಗೆ ಮೆಗ್ನೀಸಿಯಂ. ಆನೋಡ್ ಅರ್ಧ ಕರಗಿದ್ದರೆ ಅದು ತನ್ನ ಕೆಲಸ ಮಾಡುತ್ತಿದೆ, ಬದಲಿಸಬೇಕು. ವರ್ಷಗಳಾದರೂ ಹೊಸದರಂತೆಯೇ ಉಳಿದಿದ್ದರೆ ಸಂತೋಷಪಡುವ ವಿಷಯವಲ್ಲ. ತಪ್ಪು ಲೋಹ ಹಾಕಿರಬಹುದು, ಮೇಲೆ ಬಣ್ಣ ಬಳಿದಿರಬಹುದು, ತಂತಿಯ ಸಂಪರ್ಕ ಕಡಿದಿರಬಹುದು. ಪಾಚಿ ಕಟ್ಟದಿರಲೆಂದು ತಾಮ್ರವಿರುವ ಬಣ್ಣವನ್ನು ಡ್ರೈವಿಗೆ ಬಳಿದರೆ ರಕ್ಷಣೆಯ ಬದಲು ಕೊರೆತ ಹೆಚ್ಚುತ್ತದೆ. ದಡದ ಕರೆಂಟಿಗೆ ಸದಾ ಸಿಕ್ಕಿಸಿಟ್ಟ ದೋಣಿಗಳಲ್ಲಿ ಅರ್ತಿಂಗ್ ತಂತಿಯ ಮೂಲಕ ಪಕ್ಕದ ದೋಣಿಯ ಲೋಹವೂ ಈ ಬ್ಯಾಟರಿಗೆ ಸೇರಿಕೊಳ್ಳುತ್ತದೆ. ಅದನ್ನು ತಡೆಯಲು ಗ್ಯಾಲ್ವಾನಿಕ್ ಐಸೊಲೇಟರ್ ಎಂಬ ಸಾಧನ ಬೇಕು. ಔಟ್‌ಬೋರ್ಡನ್ನು ಪೂರ್ತಿ ಮೇಲಕ್ಕೆತ್ತಿ ನೀರಿನಿಂದ ಬಿಡಿಸಬಹುದು. ಸ್ಟರ್ನ್‌ಡ್ರೈವ್ ಎಷ್ಟೇ ಎತ್ತಿದರೂ ಅದರ ಬುಡ ನೀರಿನಲ್ಲೇ ಇರುತ್ತದೆ. ವರ್ಷಪೂರ್ತಿ ಉಪ್ಪುನೀರಿನಲ್ಲಿ ತೇಲುವ ದೋಣಿಗೆ ಈ ಏರ್ಪಾಡು ಒಗ್ಗದಿರುವುದು ಇದರಿಂದಲೇ.

ಇಷ್ಟೆಲ್ಲ ನೋಡಿಯೂ ತೀರ್ಮಾನಕ್ಕೆ ಮುನ್ನ ನೋಡಲೇಬೇಕಾದ್ದು ಹಿಂಗೋಡೆ, ಟ್ರಾನ್ಸಮ್. ಫೈಬರ್‌ಗ್ಲಾಸಿನ ಎರಡು ಪದರಗಳ ನಡುವೆ ಪ್ಲೈವುಡ್ ಇಟ್ಟು ಮಾಡಿದ ಗೋಡೆ ಅದು. ಡ್ರೈವಿಗಾಗಿ ಕೊರೆದ ದೊಡ್ಡ ತೂತಿನ ಅಂಚಿನಿಂದಲೋ ಬೋಲ್ಟಿನ ತೂತಿನಿಂದಲೋ ವರ್ಷವರ್ಷವೂ ಹನಿಹನಿಯಾಗಿ ನೀರು ಇಳಿದು ಒಳಗಿನ ಪ್ಲೈವುಡ್ ಕೊಳೆಯುತ್ತದೆ. ಹೊರಗಿನ ಹೊಳಪಿಗೆ ಇದರ ಸುಳಿವು ಸಿಗದು. ಪ್ಲಾಸ್ಟಿಕ್ ಸುತ್ತಿಗೆಯಿಂದ ತಟ್ಟುತ್ತ ಹೋದರೆ ಗಟ್ಟಿ ಮರ ಟಣ್ ಎನ್ನುತ್ತದೆ, ಕೊಳೆತದ್ದು ಮಾಗಿದ ಕುಂಬಳಕಾಯಿಯಂತೆ ದೊಬ್ ಎನ್ನುತ್ತದೆ. ಡ್ರೈವಿನ ಮೇಲೆ ಒಬ್ಬರು ಭಾರ ಹಾಕಿ ಅದುಮುವಾಗ ಇನ್ನೊಬ್ಬರು ಹಿಂಗೋಡೆಯನ್ನು ನೋಡುತ್ತಿದ್ದರೆ, ಅದು ಸ್ವಲ್ಪ ಬಾಗಿದರೂ ಸಾಕು, ಸಂಶಯ ಬಲವಾಗುತ್ತದೆ. ಕೊನೆಯ ಪರೀಕ್ಷೆ ಒಳಗಿನಿಂದ, ತಗ್ಗಿನ ಜಾಗದಲ್ಲಿ ಸಣ್ಣ ತೂತು ಕೊರೆದು ಬರುವ ಮರದ ಪುಡಿಯನ್ನು ಅಂಗೈಯಲ್ಲಿ ಹಿಡಿಯುವುದು. ಒಣಗಿದ ತಿಳಿ ಬಣ್ಣದ ಪುಡಿ ಬಂದರೆ ಆ ತೂತನ್ನು ಎಪಾಕ್ಸಿಯಿಂದ ಮುಚ್ಚಿ ನಿಶ್ಚಿಂತೆಯಿಂದಿರಬಹುದು. ಕಪ್ಪಾಗಿ ಒದ್ದೆಯಾಗಿ ಮುದ್ದೆ ಕಟ್ಟಿದರೆ ಎಂಜಿನ್ ಇಳಿಸಿ ಇಡೀ ಗೋಡೆಯನ್ನೇ ಕಟ್ಟಬೇಕು. ಕೊಳೆತ ಗೋಡೆಗೆ ಹೊಸ ಡ್ರೈವ್ ತೂಗುಹಾಕಲು ಹಣ ಸುರಿಯುವುದು ಕುಸಿಯುವ ಮನೆಗೆ ತೇಗದ ಬಾಗಿಲು ಕೂರಿಸಿದಂತೆ, ಮತ್ತು ಹಾಗೆ ಸುರಿದವರು ಕಡಿಮೆ ಇಲ್ಲ.

ಹಿಂಗೋಡೆ ಗಟ್ಟಿಯಿದ್ದರೆ ಮಾತ್ರ ರಿಪೇರಿಯೋ ಬದಲಾವಣೆಯೋ ಎಂಬ ಪ್ರಶ್ನೆಗೆ ಅರ್ಥ. ಸೀಲ್, ಬೆಲ್ಲೋಸ್, ಕ್ರಾಸ್, ಗಿಂಬಲ್ ಬೇರಿಂಗ್, ನೀರಿನ ಪಂಪಿನ ರಬ್ಬರ್ ಇಂಪೆಲ್ಲರ್, ಶಿಫ್ಟ್ ಕೇಬಲ್ ಇವೆಲ್ಲ ತಿರುತಿರುಗಿ ಬದಲಾಗಬೇಕಾದ ಭಾಗಗಳೇ. ಇವಕ್ಕಾಗಿ ಡ್ರೈವನ್ನು ಎಸೆಯುವ ಮಾತಿಲ್ಲ. ಗೇರ್ ಹಾಕುವಾಗ ಲಿವರ್ ಬಿಗಿಯಾಗಿ, ಎಂಜಿನ್ ನಿಂತುಹೋಗುವ ಆಲ್ಫಾ ಡ್ರೈವಿನಲ್ಲಿ ದೋಷ ಎಷ್ಟೋ ಸಲ ಆ ಕೇಬಲ್ಲಿನದೇ. ಗೇರಿನ ಹಲ್ಲು ಮುರಿದಾಗ ಲೆಕ್ಕ ಬದಲಾಗುತ್ತದೆ. ಹಲ್ಲುಗಳು ಒಂದಕ್ಕೊಂದು ಹೊಂದಿಸಿ ಮಾಡಿದ ಜೊತೆಗಳಾದ್ದರಿಂದ ಒಂದೇ ಗೇರು ಬದಲಿಸುವಂತಿಲ್ಲ. ಕಾಗದದಷ್ಟು ತೆಳ್ಳನೆಯ ಶಿಮ್‌ಗಳನ್ನು ಸೇರಿಸುತ್ತ ತೆಗೆಯುತ್ತ ಹಲ್ಲುಗಳ ನಡುವಿನ ಸಂದು, ಬೇರಿಂಗಿನ ಬಿಗಿತ ಎರಡನ್ನೂ ಕೈಪಿಡಿಯ ಅಳತೆಗೆ ತರಬೇಕು. ಅದಕ್ಕೆ ಬೇಕಾದ ಉಪಕರಣಗಳು ಮನೆಯ ಶೆಡ್ಡಿನಲ್ಲಿ ಇರುವುದಿಲ್ಲ. ಇಲ್ಲಿ ಬದಲಾವಣೆಯೇ ಅಗ್ಗವಾಗುವುದುಂಟು. ಕೆಟ್ಟದ್ದು ಕೆಳಗಿನ ಅರ್ಧವೋ ಮೇಲಿನ ಅರ್ಧವೋ ನೋಡಿ ಅಷ್ಟನ್ನೇ ಕೊಳ್ಳಬಹುದು. ಹಳೆಯದನ್ನು ಕೊಟ್ಟು ಕಾರ್ಖಾನೆಯಲ್ಲಿ ಮತ್ತೆ ಕಟ್ಟಿದ ಡ್ರೈವ್ ತರಬಹುದು, ಮೂಲ ಕಂಪನಿಯದಲ್ಲದ ಹೊಂದಾಣಿಕೆಯ ಹೊಸ ಡ್ರೈವ್ ಕೊಳ್ಳಬಹುದು, ಗುಜರಿ ದೋಣಿಯಿಂದಲೂ ತರಬಹುದು. ಗುಜರಿಯದಾದರೆ ಎಣ್ಣೆ ಮತ್ತು ಒತ್ತಡದ ಪರೀಕ್ಷೆಗಳನ್ನು ಮುಗಿಸಿಯೇ ಹಣ ಕೊಡಬೇಕು.

ಕೊಳ್ಳುವಾಗ ತಪ್ಪುವುದು ಸಾಮಾನ್ಯವಾಗಿ ಎರಡು ಕಡೆ. ಮೊದಲನೆಯದು ಪೀಳಿಗೆ. ಆಲ್ಫಾ ಒನ್‌ನ ಎರಡನೆಯ ಪೀಳಿಗೆ 1991ರಲ್ಲಿ ಬಂತು, ಅದರ ಕೆಳಗಿನ ಅರ್ಧ ಮೊದಲ ಪೀಳಿಗೆಯ ಮೇಲಿನ ಅರ್ಧಕ್ಕೆ ಕೂರುವುದಿಲ್ಲ. ಎರಡನೆಯದು ಗೇರ್ ಅನುಪಾತ. ನೋಡಲು ಒಂದೇ ರೀತಿಯ ಡ್ರೈವ್‌ಗಳು ನಾಲ್ಕು ಸಿಲಿಂಡರಿನ ಎಂಜಿನ್ನಿಗೆ ಸುಮಾರು 2ಕ್ಕೆ 1, ವಿ6ಕ್ಕೆ 1.8, ವಿ8ಕ್ಕೆ 1.5ರ ಹತ್ತಿರದ ಅನುಪಾತದಲ್ಲಿ ಬರುತ್ತವೆ. ನಾಲ್ಕು ಸಿಲಿಂಡರಿನ ದೋಣಿಗೆ ವಿ8ರ ಡ್ರೈವ್ ಹಾಕಿದರೆ ಎಂಜಿನ್ ಏದುಸಿರು ಬಿಡುತ್ತದೆ, ದೋಣಿ ನೀರಿನ ಮೇಲೇಳುವುದೇ ಇಲ್ಲ. ಎರಡು ಎಂಜಿನ್ನಿನ ದೋಣಿಗಳಲ್ಲಿ ಇನ್ನೂ ಒಂದು ತೊಡಕು. ಎರಡು ಪ್ರೊಪೆಲ್ಲರ್‌ಗಳು ಎದುರುಬದುರು ತಿರುಗುವುದಾದರೆ ಆಲ್ಫಾದಲ್ಲಿ ಒಂದು ಬದಿಗೆ ಬೇರೆಯೇ ಕೆಳಭಾಗ ಬೇಕು. ಹೆಚ್ಚು ಬಲದ ಎಂಜಿನ್ನಿಗೆಂದು ಮಾಡಿದ ಬ್ರಾವೊ ಒನ್ ಡ್ರೈವ್ ಎರಡು ದಿಕ್ಕಿಗೂ ತಿರುಗಬಲ್ಲದು. ಜೊತೆಯಲ್ಲಿ ಒಂದು ಡ್ರೈವ್ ಸತ್ತಿತೆಂದರೆ ಇನ್ನೊಂದರ ವಯಸ್ಸೂ ಅಷ್ಟೇ, ಅದು ಕಂಡ ನೀರೂ ಅದೇ. ಸದ್ದಿಲ್ಲದಿದ್ದರೂ ಅದನ್ನೂ ಅದೇ ಸಲ ಬಿಚ್ಚಿ ನೋಡಬೇಕು.

ಓಎಂಸಿ ದೋಣಿಗಳ ಕಥೆ ಬೇರೆ. ಕಂಪನಿ 2000ದ ಡಿಸೆಂಬರಿನಲ್ಲಿ ದಿವಾಳಿ ಘೋಷಿಸಿತು. 1986ರಿಂದ ಬಂದ ಅದರ ಕೋಬ್ರಾ ಡ್ರೈವ್‌ಗಳ ಸೀಲ್, ಬೆಲ್ಲೋಸ್‌ಗಳನ್ನು ಬೇರೆ ತಯಾರಕರು ಮಾಡುತ್ತಾರೆ, ದೊಡ್ಡ ಭಾಗಗಳಿಗೆ ಹಳೆ ಸಾಮಾನಿನ ಅಂಗಡಿಗಳನ್ನೇ ಹುಡುಕಬೇಕು. ಅದಕ್ಕೂ ಹಿಂದಿನ, ವಿದ್ಯುತ್ತಿನಿಂದ ಗೇರ್ ಬದಲಿಸುವ ಓಎಂಸಿ ಡ್ರೈವ್‌ಗಳಿಗೆ ಬಂಡವಾಳ ಹಾಕುವುದು, ಆ ದೋಣಿಯ ಮೇಲೆ ವಿಶೇಷ ಮಮತೆ ಇಲ್ಲದಿದ್ದರೆ, ಸರಿಯಲ್ಲ. ಬೇರೆ ಮನೆತನದ ಡ್ರೈವ್ ತರಬೇಕೆಂದರೆ ಹಿಂಗೋಡೆಯ ತೂತಿನ ಆಕಾರವೇ ಬೇರೆ. ಹಳೆಯ ತೂತನ್ನು ಮುಚ್ಚಿ ಹೊಸದನ್ನು ಕೊರೆಯಬೇಕು, ಹೊಗೆಯ ಕೊಳವೆ, ಸ್ಟೀರಿಂಗ್, ಶಿಫ್ಟ್ ಎಲ್ಲವನ್ನೂ ಮತ್ತೆ ಜೋಡಿಸಬೇಕು. ಅಷ್ಟು ದೂರ ಹೋದವರಲ್ಲಿ ಕೆಲವರು ತೂತನ್ನು ಪೂರ್ತಿ ಮುಚ್ಚಿ, ಬಲವಾದ ಬ್ರಾಕೆಟ್ ಕೂರಿಸಿ, ನಾಲ್ಕು ಸ್ಟ್ರೋಕಿನ ಔಟ್‌ಬೋರ್ಡಿಗೇ ಬದಲಾಗುತ್ತಾರೆ. ಉಪ್ಪುನೀರಿನಲ್ಲಿ ಇದು ಬುದ್ಧಿವಂತ ದಾರಿ. ಆದರೆ ಒಳಗಿನ ಎಂಜಿನ್ನಿನ ಭಾರ ಹೋಗಿ ಅಷ್ಟೂ ಭಾರ ಹಿಂಗೋಡೆಯ ಆಚೆಗೆ ಸರಿಯುವುದರಿಂದ ದೋಣಿಯ ತೂಕದ ಸಮತೋಲವನ್ನು ಮೊದಲೇ ಲೆಕ್ಕ ಹಾಕಿರಬೇಕು.

ರಿಪೇರಿಯಾದದ್ದೋ ಹೊಸದೋ, ಡ್ರೈವ್ ಮರಳಿ ಕೂತ ಮೇಲೆ ಎಣ್ಣೆಯನ್ನು ತಳದ ತೂತಿನಿಂದ ಮೇಲಕ್ಕೆ ಪಂಪ್ ಮಾಡಬೇಕು. ಮೇಲಿನಿಂದ ಸುರಿದರೆ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ. ಮೇಲಿನ ವೆಂಟ್ ತೂತಿನಿಂದ ಗುಳ್ಳೆಯಿಲ್ಲದ ಎಣ್ಣೆ ಉಕ್ಕಿದಾಗ ಮೊದಲು ಮೇಲಿನ ಸ್ಕ್ರೂ, ಆಮೇಲೆ ಕೆಳಗಿನದು. ನೀರಿಗಿಳಿಸಿದ ಮೊದಲ ದಿನ ದೋಣಿಯನ್ನು ಟ್ರೈಲರಿನ ಪಟ್ಟಿಗಳಿಂದ ಪೂರ್ತಿ ಬಿಡಿಸುವ ಮೊದಲು ಬಿಲ್ಜಿಗೆ, ಅಂದರೆ ತಳದ ಗುಂಡಿಗೆ, ಟಾರ್ಚ್ ಹಾಕಿ ಗಿಂಬಲ್ ಬೇರಿಂಗಿನ ಸುತ್ತ ಹನಿ ಇಳಿಯುತ್ತಿದೆಯೇ ಎಂದು ಹತ್ತು ನಿಮಿಷ ಕಾದು ನೋಡಬೇಕು. ಹೊಸ ಗೇರುಗಳಾದರೆ ಮೊದಲ ಕೆಲವು ಗಂಟೆ ಪೂರ್ಣ ವೇಗ ಬೇಡ, ಒಂದೇ ವೇಗದಲ್ಲಿ ಬಹಳ ಹೊತ್ತು ಓಡಿಸುವುದೂ ಬೇಡ. ಸುಮಾರು 20 ಗಂಟೆ ಓಡಿದ ಮೇಲೆ ಎಣ್ಣೆ ಇಳಿಸಿ, ಅದೇ ಬಿಳಿಯ ಬಟ್ಟಲಿನಲ್ಲಿ ಬಣ್ಣ ನೋಡಿ, ಹೊಸ ಎಣ್ಣೆ ತುಂಬಬೇಕು. ಅಲ್ಲಿಂದ ಮುಂದೆ 100 ಗಂಟೆಗೊಮ್ಮೆ ಇಲ್ಲವೆ ವರ್ಷಕ್ಕೊಮ್ಮೆ, ಯಾವುದು ಮೊದಲು ಬರುತ್ತದೋ ಆಗ. ಚಳಿಯ ನಾಡಿನಲ್ಲಾದರೆ ಅದು ಹಿಮ ಬೀಳುವ ಮುಂಚೆಯೇ ಆಗಬೇಕು.